ಎತ್ತಿ ಹಿಡಿದ ಕೊಳವೆ

ಪಂಪು ನಿಂತಿತ್ತು, ದ್ರವ ನಿಂತಿರಲಿಲ್ಲ.

ಗಾಜಿನ ಬಿಲ್ಲೆಯಲ್ಲಿ ಕೊರೆದ ಕೂದಲೆಳೆಯಷ್ಟು ಸಪೂರ ಕಾಲುವೆ ಸೂಕ್ಷ್ಮದರ್ಶಕದ ತೆರೆಯ ಮೇಲೆ ಹೊಳೆಯಂತೆ ಕಾಣುತ್ತಿತ್ತು. ಅದರ ಪುಟ್ಟ ಗೂಡುಗಳಲ್ಲಿ ಸಿಕ್ಕಿಕೊಂಡಿದ್ದ ಜೀವಕೋಶಗಳು ಒಂದೊಂದಾಗಿ ಕಿತ್ತುಬಂದು ಕೊಚ್ಚಿಹೋಗುತ್ತಿದ್ದವು. ಕೆಲಸ ಕಲಿಯುತ್ತಿದ್ದ ಹುಡುಗಿಯ ಬೆರಳು ಇನ್ನೂ ಪಂಪಿನ ಗುಂಡಿಯ ಮೇಲೇ ಇತ್ತು.

"ಅಕ್ಕಾ, ನಿಲ್ತಾನೇ ಇಲ್ಲ!"

ಕೈಗವಸು ಕಳಚುತ್ತಿದ್ದ ಹಿರಿಯ ತಂತ್ರಜ್ಞೆ ಓಡಿಬಂದರು. ಆ ಪ್ರಯೋಗಾಲಯದಲ್ಲಿ ಅವರು ಎಲ್ಲರಿಗೂ ಅಕ್ಕ. "ಏನ್ ಮಾಡ್ದೆ?"

"ತೊಳೆಯೋಕೆ ದಪ್ಪ ಸಿರಿಂಜು ಹಾಕ್ದೆ. ಪಂಪಲ್ಲಿ ಸಣ್ಣದರ ಅಳತೆನೇ ಇತ್ತು. ಬದಲಾಯಿಸ್ಲಿಲ್ಲ."

ಸಣ್ಣದೆಂದುಕೊಂಡು ಪಂಪು ದಪ್ಪ ಸಿರಿಂಜನ್ನು ಅದೇ ವೇಗದಲ್ಲಿ ಒತ್ತಿತ್ತು; ಜಿನುಗಬೇಕಾದದ್ದು ನುಗ್ಗಿತ್ತು. ಈಗ ಸಿರಿಂಜಿನ ಕಡೆಯ ಉಬ್ಬಿದ ಮೆತ್ತನೆಯ ಕೊಳವೆ ತನ್ನ ಬಿಗಿತ ಇಳಿಯುವ ತನಕ ದ್ರವವನ್ನು ದೂಡುತ್ತಲೇ ಇರುತ್ತದೆ.

ಬಾಗಿಲ ಗಾಜಿನಾಚೆ ಬೆಂಚಿನ ಮೇಲೆ ಒಬ್ಬ ತಾಯಿ ಕೂತಿದ್ದಳು, ಮಡಿಲಲ್ಲಿ ಮಗುವಿನ ಚಪ್ಪಲಿ. ಮಗುವಿನ ಬೆನ್ನುಹುರಿಯಿಂದ ತೆಗೆದ ನೀರು ಇದಿಷ್ಟೇ. ಕಾಯಿಲೆ ಮೆದುಳಿಗೆ ಏರಿದೆಯೇ ಇಲ್ಲವೇ ಎಂಬುದನ್ನು ಅದರಲ್ಲಿದ್ದ ಈ ಕೋಶಗಳೇ ಹೇಳಬೇಕು. ಮತ್ತೊಮ್ಮೆ ಸೂಜಿ ಚುಚ್ಚಿದರೆ ಮಗು ತಡೆಯಲಾರದು ಎಂದು ಡಾಕ್ಟರು ಹೇಳಿಹೋಗಿದ್ದರು.

"ಹೊರಗೆ ಹೋಗೋ ಕೊಳವೆ ತುದಿ ಹಿಡ್ಕೊ. ಎಳೀಬೇಡ. ಮೇಲಕ್ಕೆತ್ತು," ಎಂದರು ಅಕ್ಕ. "ಎದುರು ಭಾರ ಬಿದ್ರೆ ನಿಲ್ಲುತ್ತೆ."

ಹುಡುಗಿ ಎತ್ತಿದಳು. ಭುಜದ ಮಟ್ಟ, ಕಿವಿಯ ಮಟ್ಟ, ತಲೆಯ ಮೇಲೆ. ತೆರೆಯ ಮೇಲಿನ ಓಟ ನಿಧಾನವಾಗಿ ನಿಂತಿತು. ಆದರೆ ಕೋಶಗಳು ಗೂಡುಗಳಲ್ಲೇ ಹಿಂದೆ ಮುಂದೆ ತೂಗತೊಡಗಿದವು.

"ನಿನ್ನ ಕೈ ನಡುಗೋದು ಇಲ್ಲಿ ಕಾಣ್ತಿದೆ ಕಣೇ."

"ಭಯ ಆಗ್ತಿದೆ ಅಕ್ಕಾ."

"ನಂಗೇನು ಹಬ್ಬ ಅಂದ್ಕೊಂಡ್ಯಾ? ಬೈಯೋದಿದೆ, ಆಮೇಲೆ ಹೊಟ್ಟೆ ತುಂಬ ಬೈತೀನಿ. ಈಗ ಉಸಿರು ಬಿಡು."

ಅಕ್ಕ ಪಕ್ಕಕ್ಕೆ ಸರಿದು, ಹುಡುಗಿಯ ಮೊಣಕೈ ಕೆಳಗೆ ತಮ್ಮ ಭುಜ ಕೊಟ್ಟು ನಿಂತರು. ನೋಯುವ ಭುಜ ಅದು. ಚೀಲ ತಗುಲಿಸಿಕೊಳ್ಳಲೂ ಅವರು ಇನ್ನೊಂದನ್ನೇ ಬಳಸುತ್ತಿದ್ದರು. ತೂಗಾಟ ಕಡಿಮೆಯಾಯಿತು. ಅಕ್ಕ ತೆರೆಯತ್ತ ಕತ್ತು ಹೊರಳಿಸಿ, ತುಟಿ ಅಲ್ಲಾಡಿಸುತ್ತ ಎಣಿಸಿದರು. ಮೇಲಿನ ಸಾಲುಗಳೆಲ್ಲ ಖಾಲಿ. ನೋಡುವ ಧೈರ್ಯವಾಗದೆ ಹುಡುಗಿ ಬಾಗಿಲಿನತ್ತ ಮುಖ ತಿರುಗಿಸಿದಳು.

ಗಾಜಿನಾಚೆ ಆ ತಾಯಿ ಎದ್ದು ನಿಂತಿದ್ದಳು. ಒಳಗೆ ಎತ್ತಿದ ಕೈಯನ್ನೇ ನೋಡುತ್ತಿದ್ದಳು. ತನಗೇ ಏನೋ ಹೇಳುತ್ತಿದ್ದಾರೆಂದುಕೊಂಡಳೋ ಏನೋ, ಹಿಂಜರಿಯುತ್ತ ತಾನೂ ಒಂದು ಕೈ ಎತ್ತಿದಳು.

"ಅಕ್ಕಾ..."

"ಕೆಳಗಿನೆರಡು ಸಾಲು ಉಳ್ಕೊಂಡಿವೆ," ಎಂದರು ಅಕ್ಕ. "ನೋಡೋಕೆ ಇಷ್ಟು ಸಾಕು. ಏನು ಹೇಳ್ತಾವೋ ಗೊತ್ತಿಲ್ಲ. ಸಿರಿಂಜಿನ ಕಡೆ ಕೊಳವೆ ಬಿಗಿ ಬಿಡ್ತಾ ಇದೆ, ಈಗ ನಿನ್ನದನ್ನ ಇಳಿಸು. ನಿಧಾನ. ಇನ್ನೂ ನಿಧಾನ."

ಹುಡುಗಿ ಕೈಯನ್ನು ಕೂದಲೆಳೆ ಕೂದಲೆಳೆಯಾಗಿ ಇಳಿಸಿದಳು. ಗಾಜಿನಾಚೆಯ ಕೈಯೂ ಅಷ್ಟೇ ನಿಧಾನವಾಗಿ, ಅವಳ ಕೈಯನ್ನೇ ನೋಡುತ್ತ, ಕೆಳಗಿಳಿಯಿತು.