ಎರಡು ನಿಮಿಷ ಹದಿನಾಲ್ಕನೇ ಸೆಕೆಂಡು

ಜಾಜ್ ಸಂಗೀತದ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಹೇಳಿದ ದಿನ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತಿ, "ಅದನ್ನ ಓದಿದ್ರ ಯಾವ ಬ್ಯಾಂಕಿನಾಗ ನೌಕರಿ ಸಿಗತದವಾ, ಚೈತನ್ಯಾ?" ಎಂದು ಕೇಳಿದ್ದರು. ಧಾರವಾಡದಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು, ಇಲ್ಲಿಯ ತೆಲುಗು ಹುಡುಗಿಯನ್ನೇ ಮದುವೆಯಾಗಿ, ಪೆಂಡುರ್ತಿಯಲ್ಲಿ ಮನೆ ಕಟ್ಟಿಕೊಂಡ ಬ್ಯಾಂಕ್ ಅಧಿಕಾರಿ ಅವರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ವಾರವೇ ಗಾಜುವಾಕದಲ್ಲಿ ಬಾಡಿಗೆ ಫ್ಲಾಟು ಹಿಡಿದೆ.

ಐವತ್ತು, ಅರವತ್ತರ ದಶಕಗಳಲ್ಲಿ ಈ ಕಡೆಯ ರೈಲ್ವೆ ಊರುಗಳ ಡಾನ್ಸ್ ಹಾಲುಗಳಲ್ಲಿ ಜಾಜ್ ನುಡಿಸುತ್ತಿದ್ದವರು ನನ್ನ ವಿಷಯ. ಹಗಲೆಲ್ಲ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿದು, ಸಂಜೆ ಬಿಳಿ ಕೋಟು ತೊಟ್ಟು ಸ್ಯಾಕ್ಸೊಫೋನ್ ಊದುತ್ತಿದ್ದವರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಎರಡು ವರ್ಷ ಅಲೆದ ಮೇಲೆ, ೨೦೧೪ರ ಆಗಸ್ಟಿನಲ್ಲಿ, ವಿಜಯವಾಡದ ಹತ್ತಿರದ ಕೊಂಡಪಲ್ಲಿಯಲ್ಲಿ ಅಂಥ ಒಬ್ಬ ಸ್ಯಾಕ್ಸೊಫೋನ್ ವಾದಕ, ರಾಮಮೋಹನ್ ಗಾರು, ಸಿಕ್ಕರು. ಎಂಬತ್ತರ ಹತ್ತಿರ ವಯಸ್ಸು, ತೆಲುಗಿನವರು. ನಾನು ಕನ್ನಡದವಳೆಂದು ತಿಳಿದದ್ದೇ ಮುಖ ಅರಳಿತು. ಅವರ ಹೆಂಡತಿ ಸುಲೋಚನಾ ಬಳ್ಳಾರಿಯವರಂತೆ. ಮದುವೆಯಾದ ಒಂಬತ್ತನೇ ವರ್ಷಕ್ಕೆ ತೀರಿಕೊಂಡಿದ್ದರು. ಆಕೆಯಿಂದ ಕಲಿತ ಬಳ್ಳಾರಿ ಕನ್ನಡವನ್ನು ಇವರು ಇನ್ನೂ ಬಿಟ್ಟಿರಲಿಲ್ಲ.

ಹೊರಡುವಾಗ ಅವರು ಕಪಾಟಿನಿಂದ ಒಂದು ಸ್ಪೂಲ್ ಟೇಪು ತೆಗೆದರು. ೧೯೬೬ರಲ್ಲಿ ಸ್ನೇಹಿತರೊಬ್ಬರು ಡಾನ್ಸ್ ಹಾಲಿನಲ್ಲಿ ಮುದ್ರಿಸಿದ್ದು. ಅದರಲ್ಲಿ ಇದ್ದದ್ದು ಒಂದೇ ಹಾಡು, ಅದರೊಳಗೆ ಇವರೊಬ್ಬರೇ ಊದಿದ ಸೊಲೊ.

"ಇದ್ರಾಗೆ ಸುಲೋಚನಾ ದನಿ ಐತಮ್ಮಾ," ಎಂದರು. "ನಾ ಊದ್ತಿರೋವಾಗ ನಡುವೆ ಏನೋ ಅಂತಾಳೆ. ಏನಂದ್ಲು ಅನ್ನೋದು ಮರ್ತೀನಿ. ನನ್ನ ಮಿಷಿನ್ ಕೆಟ್ಟು ಇಪ್ಪತ್ತು ವರ್ಷ ಆತು. ಕಾಪಿ ಮಾಡಿಸಿ ತಂದುಕೊಡು, ಒಂದ್ಸಲ ಕೇಳ್ತೀನಿ."

ಹದಿನೈದು ದಿನ ಎಂದೆ. ಎರಡು ತಿಂಗಳು ಇಟ್ಟುಕೊಂಡೆ.

ಕೇಳಿ ಬರೆದುಕೊಳ್ಳುವುದು ಈ ಅಧ್ಯಯನದ ಮೊದಲ ಕೆಲಸ. ವಾದಕ ಆ ಕ್ಷಣದಲ್ಲಿ ಹುಟ್ಟಿಸಿ ನುಡಿಸಿದ್ದನ್ನು ಒಂದು ಸ್ವರವನ್ನೂ ಒಂದು ಉಸಿರನ್ನೂ ಬಿಡದೆ ಕಾಗದಕ್ಕಿಳಿಸಬೇಕು. ಯಾರಿಂದಲೋ ಎರವಲು ತಂದ ಮಿಷಿನ್ನಿನಲ್ಲಿ ಟೇಪನ್ನು ಅರ್ಧ ವೇಗಕ್ಕೆ ಇಳಿಸಿ ನೂರಾರು ಸಲ ಕೇಳಿದೆ. ಎರಡು ನಿಮಿಷ ಹದಿನಾಲ್ಕನೇ ಸೆಕೆಂಡಿಗೆ ಒಂದು ಹೆಣ್ಣು ದನಿ ಅಡ್ಡ ಬರುತ್ತಿತ್ತು. ಅರ್ಧ ವೇಗದಲ್ಲಿ ಅದು ಬರೀ ಗೊಗ್ಗರು ನರಳಾಟ. ಪೂರ್ತಿ ವೇಗದಲ್ಲಿ ಕೇಳಿದ್ದರೆ ಮಾತು ತಿಳಿಯುತ್ತಿತ್ತೇನೋ. ಆದರೆ ನನಗೆ ಬೇಕಾದದ್ದು ಸ್ಯಾಕ್ಸೊಫೋನು. ನೋಟ್‌ಬುಕ್ಕಿನಲ್ಲಿ "ಗದ್ದಲ, ಹೆಣ್ಣು ದನಿ, ಬಿಟ್ಟಿದೆ" ಎಂದು ಬರೆದು ಮುಂದಕ್ಕೆ ಹೋದೆ. ಕಾಪಿ ಮಾಡಿಸಲಿಲ್ಲ. ಫೋನಿನಲ್ಲಾದರೂ ಹಿಡಿದಿಡಬಹುದಿತ್ತು. ಮೂಲ ಕೈಯಲ್ಲಿರುವಾಗ ಅದೆಲ್ಲ ಏಕೆಂಬ ಕೊಬ್ಬು.

ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತ ಬಂತು. ಹಿಂದಿನ ದಿನ ಅಪ್ಪ ಫೋನ್ ಮಾಡಿ, "ಹಟಾ ಸಾಕು, ಮನೀಗೆ ಬಾ," ಎಂದರು. ಚೀಲಕ್ಕೆ ಎರಡು ಜೊತೆ ಬಟ್ಟೆ ತುರುಕಿದೆ. ಮೇಜಿನ ಮೇಲೆ ಟೇಪೂ ಇತ್ತು, ನೋಟ್‌ಬುಕ್ಕೂ ಇತ್ತು. ನನ್ನ ಕೈ ನೋಟ್‌ಬುಕ್ಕಿಗೆ ಹೋಯಿತು. ಅದು ನನ್ನ ಕೆಲಸವಲ್ಲವೇ!

ಐದನೇ ದಿನ ತಿರುಗಿ ಬಂದಾಗ ಕಿಟಕಿ ಇದ್ದ ಜಾಗದಲ್ಲಿ ಆಕಾಶ ಕಂಡಿತು. ಮಿಷಿನ್ನು ನೀರಿನಲ್ಲಿ ಬೋರಲಾಗಿ ಬಿದ್ದಿತ್ತು. ಟೇಪು ಸುರುಳಿ ಬಿಚ್ಚಿಕೊಂಡು ಕಿಟಕಿಯಿಂದಾಚೆ ಹಾರಿ, ಬೀದಿಯ ಕೇಬಲ್ ತಂತಿಗಳಿಗೆ ಕಂದು ದಾರದ ಹಾಗೆ ಸುತ್ತಿಕೊಂಡಿತ್ತು. ಎಳೆದರೆ ಎರಡು ಮೊಳ ಬಂತು, ಉಳಿದದ್ದು ಕಿತ್ತುಹೋಯಿತು. ಬೀದಿಯಲ್ಲೇ ಕೂತು ಅತ್ತೆ.

ಅವತ್ತಿನಿಂದ ಆ ಸೊಲೊ ನನ್ನ ಬೆನ್ನು ಬಿಡಲಿಲ್ಲ. ಬಸ್ಸಿನ ಗದ್ದಲದಲ್ಲಿ, ಕುಕ್ಕರಿನ ಕೂಗಿನಲ್ಲಿ, ಕ್ಲಾಸಿನಲ್ಲಿ ಪಾಠ ಮಾಡುವಾಗ ಎಲ್ಲೆಂದರಲ್ಲಿ ಶುರುವಾಗುತ್ತಿತ್ತು. ಸರಿಯಾಗಿ ಆ ಹದಿನಾಲ್ಕನೇ ಸೆಕೆಂಡಿಗೆ ಆಕೆ ಬರುತ್ತಿದ್ದಳು. ಏನೋ ಹೇಳುತ್ತಿದ್ದಳು. ಮಾತು ಮಾತ್ರ ಇರುತ್ತಿರಲಿಲ್ಲ. ತಂತಿಯಲ್ಲಿ ಸಿಕ್ಕಿಕೊಂಡ ಟೇಪಿನ ಚೂರು ವರ್ಷವಾದರೂ ಉದುರಲಿಲ್ಲ. ಗಾಳಿ ಬಂದರೆ ಗುಂಯ್ ಎನ್ನುತ್ತಿತ್ತು, ನಾನು ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಪ್ರತಿ ದೀಪಾವಳಿಗೆ ರಾಮಮೋಹನ್ ಗಾರು ಒಂದು ಕಾರ್ಡು ಹಾಕುತ್ತಿದ್ದರು. ಕನ್ನಡ ಮಾತಾಡಲು ಬಂದರೂ ಅಕ್ಷರ ಬಾರದು, ಹಾಗಾಗಿ ಕನ್ನಡ ಮಾತನ್ನು ತೆಲುಗು ಲಿಪಿಯಲ್ಲಿ ಬರೆಯುತ್ತಿದ್ದರು. "ಕಾಪಿ ಆಯಿತೇನಮ್ಮಾ?" ಸ್ಟುಡಿಯೊ ಸಿಕ್ಕಿಲ್ಲ ತಾತಗಾರೂ, ಎಂದು ನಾನು ಸುಳ್ಳು ಬರೆಯುತ್ತಿದ್ದೆ. ಹೀಗೆ ನಾಲ್ಕು ಕಾರ್ಡುಗಳು.

ಈ ನಡುವೆ ಪ್ರಬಂಧ ಬೆಳೆಯಿತು. ಆ ಹೆಣ್ಣು ದನಿಯ ಬೆನ್ನಿಗೇ ಸೊಲೊದಲ್ಲಿ ಪೂರ್ತಿ ಎರಡು ಆವರ್ತ ಮೌನವಿತ್ತು. ತಾಳ ನಡೆಯುತ್ತದೆ, ಸ್ಯಾಕ್ಸೊಫೋನ್ ಸುಮ್ಮನಿರುತ್ತದೆ. ಮೌನವನ್ನೇ ವಾದ್ಯ ಮಾಡಿಕೊಂಡ ಅಜ್ಞಾತ ಪ್ರತಿಭೆ ಎಂದು ಮೂವತ್ತು ಪುಟ ಗೀಚಿದೆ. ೨೦೧೭ರ ಡಿಸೆಂಬರಿನಲ್ಲಿ ವಿಜಯವಾಡದ ಒಂದು ಸೆಮಿನಾರಿನಲ್ಲಿ ಅದನ್ನೇ ಓದಿದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಒಳಗಿಂದಲೇ ಆಕೆಯ ದನಿ ಎದ್ದಿತು, ಹಿಂದೆಂದಿಗಿಂತ ಹತ್ತಿರದಲ್ಲಿ. ನನಗೆ ಭಯವಾಯಿತು. ಊಟಕ್ಕೂ ನಿಲ್ಲದೆ ಕೊಂಡಪಲ್ಲಿಯ ಬಸ್ಸು ಹತ್ತಿದೆ.

ನನ್ನನ್ನು ಕಂಡದ್ದೇ ಮುದುಕರು ಲಗುಬಗೆಯಿಂದ ಮೇಜಿನ ಮೇಲಿದ್ದ ಔಷಧಿ ಬಾಟಲಿಗಳನ್ನು ಸರಿಸಿ ಜಾಗ ಮಾಡಿದರು. "ಟೇಪು ತಂದ್ಯೇನಮ್ಮಾ? ಇಲ್ಲಿಡು, ಇಲ್ಲಿಡು."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಯಾವುದನ್ನು ಬಿಟ್ಟು ಯಾವುದನ್ನು ಚೀಲಕ್ಕೆ ಹಾಕಿಕೊಂಡೆ ಎನ್ನುವುದನ್ನೂ.

ಅವರು ತುಂಬ ಹೊತ್ತು ಆ ಖಾಲಿ ಜಾಗವನ್ನೇ ಕೈಯಿಂದ ಒರೆಸುತ್ತಿದ್ದರು. "ನಾಲ್ಕು ಕಾರ್ಡು ಬರೆದ್ನಲ್ಲಮ್ಮಾ. ಒಂದು ಮಾತು ನಿಜ ಹೇಳಾಕ ಆಗ್ಲಿಲ್ವಾ?"

"ನೀವು ನುಡಿಸಿದ್ದೆಲ್ಲ ಇದರಲ್ಲಿದೆ, ತಾತಗಾರೂ," ಎಂದು ನೋಟ್‌ಬುಕ್ಕು ಚಾಚಿದೆ. "ಒಂದು ಸ್ವರವೂ ಬಿಟ್ಟಿಲ್ಲ."

"ನಂದು ಯಾರಿಗೆ ಬೇಕು?" ಅವರ ದನಿ ಏರಿತು. "ಆಕೆ ಅಂದಿದ್ದು ಬೇಕಾಗಿತ್ತು ನಂಗೆ. ಹೋಗು, ಹೊರಟು ಹೋಗು."

ಹೋಗಬೇಕಿತ್ತು. ಆದರೆ ಬಾಗಿಲ ಬೆಳಕಿನಲ್ಲಿ ತೆರೆದಿದ್ದ ಪುಟ ಕಣ್ಣಿಗೆ ಬಿತ್ತು. "ಗದ್ದಲ" ಎಂದು ಬರೆದ ಜಾಗದ ಕೆಳಗೆ ರಬ್ಬರಿನಲ್ಲಿ ಉಜ್ಜಿದ ಗುರುತು. ಪುಟ ವಾಲಿಸಿ ನೋಡಿದರೆ ಕಾಗದದಲ್ಲಿ ಪೆನ್ಸಿಲ್ಲಿನ ಐದು ತಗ್ಗುಗಳು. ಆಗ ನೆನಪಾಯಿತು. ಆಕೆಯ ದನಿ ಸ್ಯಾಕ್ಸೊಫೋನಿಗೆ ಅಂಟಿಕೊಂಡು ಬರುತ್ತಿದ್ದುದರಿಂದ ಯಾವ ಸ್ವರ ಯಾರದ್ದೆಂದು ಗೊತ್ತಾಗುತ್ತಿರಲಿಲ್ಲ. ಬೇರ್ಪಡಿಸಲೆಂದು ಆಕೆಯ ಮಾತಿನ ಏರಿಳಿತವನ್ನೂ ಸ್ವರದಲ್ಲಿ ಬರೆದುಕೊಂಡು, ಕೆಲಸವಾದ ಮೇಲೆ ಅಳಿಸಿ ಹಾಕಿದ್ದೆ. ಐದು ಸ್ವರ. ಎರಡು ಗಿಡ್ಡ, ಎರಡು ಒಂದರ ಬೆನ್ನಿಗೊಂದು, ಕೊನೆಯದು ಉದ್ದಕ್ಕೆ ಎಳೆದು ಮೇಲಕ್ಕೆ.

"ಆಕೆಯ ಮಾತು ನನಗೆ ಗೊತ್ತಿಲ್ಲ," ಎಂದೆ. "ರಾಗ ಗೊತ್ತಿದೆ."

ಬಾಯಿ ಮುಚ್ಚಿಕೊಂಡು, ಟೇಪು ಓಡುವ ಪೂರ್ತಿ ವೇಗದಲ್ಲೇ ಅದನ್ನು ಗುನುಗಿದೆ.

ಅವರ ಕೈ ನಿಂತಿತು. "ಇನ್ನೊಂದ್ಸಲ."

ಗುನುಗಿದೆ.

"ಇನ್ನೊಂದ್ಸಲ."

ಮೂರನೆಯ ಸಲ ಅವರ ತುಟಿಗಳೂ ನನ್ನ ಜೊತೆ ಅಲುಗಿದವು. ಆ ಐದು ಸ್ವರಗಳ ಮೇಲೆ ಐದು ಅಕ್ಷರ ಒಂದೊಂದಾಗಿ ಬಂದು ಕೂತವು.

"ಉಸ್ರು ತಗಳ್ರೀ."

ಮೂರು ವರ್ಷ ನನ್ನ ಕಿವಿಯಲ್ಲಿ ತಿರುಗಿದ್ದು ಅದೇ ದನಿ, ಅದೇ ಎಳೆತ.

"ಊದ್ತಾ ಊದ್ತಾ ಉಸಿರು ತಗಳೋದೇ ಮರೀತಿದ್ದೆ," ಎಂದರು ರಾಮಮೋಹನ್ ಗಾರು. "ಮುಖ ಕಪ್ಪಾಗ್ತಿತ್ತು. ಆಕೆಗೆ ಭಯ. ಸ್ಟೇಜಿನ ಪಕ್ಕದಾಗೇ ಕೂತು ಬೈಯೋಳು. ಅವತ್ತು ನಂಗೆ ನಗು ಬಂದು ಊದಾಕೇ ಆಗ್ಲಿಲ್ಲ. ಅದಕ್ಕೇ ನಿಲ್ಸಿಬಿಟ್ಟೆ."

ನನ್ನ ಮೂವತ್ತು ಪುಟದ ಮೌನ ಅದು. ನಗು ತಡೆಯಲಾಗದೆ, ಹೆಂಡತಿ ಹೇಳಿದಂತೆ ಉಸಿರು ತೆಗೆದುಕೊಳ್ಳುತ್ತಿದ್ದ ಗಂಡ.

ಈಗಲಾದರೂ ಬುದ್ಧಿ ಕಲಿತು, ನಾನು ಗುನುಗುವುದನ್ನು ನಿಮ್ಮ ಫೋನಿನಲ್ಲಿ ಮುದ್ರಿಸಿಡುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ಬ್ಯಾಡ. ಅದೂ ಎಲ್ಲೋ ಹೋಗ್ತೈತಿ. ನಿನ್ನ ಮ್ಯಾಲೆ ನಂಗೆ ಸಿಟ್ಟೈತೆ, ಅದು ಇಳಿಯಂಗಿಲ್ಲ. ನೀನೇ ಹೇಳ್ಬೇಕು. ಪ್ರತಿ ಭಾನುವಾರ ಫೋನ್ ಮಾಡ್ತೀನಿ."

ಪ್ರಬಂಧದಿಂದ ಮೌನದ ಆ ಮೂವತ್ತು ಪುಟಗಳನ್ನು ತೆಗೆದುಹಾಕಿದೆ. ವಾದಕರ ಪಟ್ಟಿಯಲ್ಲಿ ಸುಲೋಚನಾ ಎಂದು ಸೇರಿಸಿದೆ. ಯಾವ ವಾದ್ಯ ಎಂದು ಗೈಡ್ ಕೇಳಿದರು.

ಈಗ ೨೦೧೯. ಭಾನುವಾರ ನಾಲ್ಕು ಗಂಟೆಗೆ ಫೋನು ತಪ್ಪುವುದಿಲ್ಲ. ರಾಮಮೋಹನ್ ಗಾರಿಗೆ ಆಸ್ತಮಾ ಬಿಗಿಯಾಗಿದೆ, ಮಾತಾಡಲಾರರು. ನಾನೂ ಕ್ಷೇಮಸಮಾಚಾರ ಕೇಳುವುದಿಲ್ಲ. ಆ ಐದು ಸ್ವರ ಗುನುಗುತ್ತೇನೆ. ನನ್ನ ಬಾಯಿಂದ ಬರುವುದು ನನ್ನ ದನಿಯಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ಆಮೇಲೆ ಎರಡು ಆವರ್ತದಷ್ಟು ಹೊತ್ತು ಇಬ್ಬರೂ ಸುಮ್ಮನಿರುತ್ತೇವೆ. ಆ ಕಡೆಯಲ್ಲಿ ಅವರು ನಿಧಾನವಾಗಿ ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತದೆ.