ಒಂಟಿ ಕೈ ಕುರ್ಚಿ ಯಾವ ಲಿಂಗ

ಮೇಜು ಹೆಣ್ಣು, ಸರಿ. ಗೋಡೆ ಹೆಣ್ಣು, ಅದೂ ಆಗಲಿ. ಆದರೆ ಗಡ್ಡ? ಗಡ್ಡ ಹೆಣ್ಣಾಗುವುದು ಅಂದರೇನು, ನಾಚಿಕೆ ಬೇಡವೇ! ಕೆನ್ನೆಗೆ ನೊರೆ ಮೆತ್ತಿಕೊಂಡು ರೇಜರ್ ಎತ್ತಿದವನು ಎತ್ತಿದ ಹಾಗೇ ನಿಂತ. ಲಾ ಬಾರ್ಬಾ. ಲಾ ಅಂದರೆ ಹೆಣ್ಣು, ಎಲ್ ಅಂದರೆ ಗಂಡು. ಕನ್ನಡಿ ಗಂಡು, ಕನ್ನಡಿಯೊಳಗಿನ ಗಡ್ಡ ಹೆಣ್ಣು. ಹೆಂಗಸರ ಫ್ರಾಕು ಗಂಡು, ಗಂಡಸರ ಟೈ ಹೆಣ್ಣು. ಫ್ರಿಜ್ಜಿಗೆ ಎರಡು ಹೆಸರು, ಒಂದು ಗಂಡು, ಇನ್ನೊಂದು ಹೆಣ್ಣು. ಈ ಸ್ಪ್ಯಾನಿಷ್ ಕಟ್ಟಿದವರಿಗೆ ಕಣ್ಣು ಕಾಣಿಸುತ್ತಿರಲಿಲ್ಲವೋ, ಇಲ್ಲ ಬೇಕೆಂದೇ ಹಗೆ ಸಾಧಿಸಿದರೋ.

ಅವನ ಭಾಷೆಯಲ್ಲಿ ಈ ರಗಳೆಯೇ ಇರಲಿಲ್ಲ. ಗಂಡಸು ಬಂದ, ಹೆಂಗಸು ಬಂದಳು, ಮಿಕ್ಕಿದ್ದೆಲ್ಲ ಬಂತು. ಬಸ್ಸು ಬಂತು, ನಾಯಿ ಬಂತು, ಜ್ವರ ಬಂತು, ಸಂಬಳ ಬಂತು. ಮಗು ಕೂಡ ಬಂತು. ಬುದ್ಧಿ ಬಲಿಯುವ ತನಕ ಅದು, ಬಲಿತ ಮೇಲೆ ಅವನೋ ಅವಳೋ. ಎಷ್ಟು ನ್ಯಾಯವಾದ ಏರ್ಪಾಡು! ಅದನ್ನು ಬಿಟ್ಟು ಈ ವಯಸ್ಸಿನಲ್ಲಿ ಚಮಚದ ಮೈ ಮುಟ್ಟಿ ನೋಡಿ ಗಂಡೋ ಹೆಣ್ಣೋ ಹೇಳಬೇಕಂತೆ.

ಹೇಳದೆ ವಿಧಿಯಿರಲಿಲ್ಲ. ಅವನ ಕಂಪನಿ ಹೊಲಿಗೆ ಯಂತ್ರ ಮಾಡುತ್ತಿತ್ತು. ಯಂತ್ರದ ಪೆಟ್ಟಿಗೆಯೊಳಗೆ ಇಡುವ ಕೈಪಿಡಿಗಳನ್ನು ಅವನು ಬರೆಯುತ್ತಿದ್ದ. ಈಗ ಯಂತ್ರ ಕೊಳ್ಳುವವರೆಲ್ಲ ಸ್ಪ್ಯಾನಿಷ್ ಮಾತಾಡುವ ದೇಶದವರು. ಇವತ್ತಿನ ಮೌಖಿಕ ಪರೀಕ್ಷೆಯಲ್ಲಿ ಪಾಸಾದರೆ ಅವನ ಮೇಜು ಅವನಿಗೆ, ಇಲ್ಲದಿದ್ದರೆ ಗೋದಾಮಿಗೆ ವರ್ಗ. ಗೋದಾಮಿಗೆ ಹೋದವರು ಕೆಲವೇ ತಿಂಗಳಲ್ಲಿ ತಾವಾಗಿಯೇ ಕೆಲಸ ಬಿಡುತ್ತಿದ್ದರು. ಕಳಿಸುವುದೇ ಅದಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು.

"ಎಲ್ ಪ್ರೊಬ್ಲೇಮಾ," ಅಂದ ಕನ್ನಡಿಗೆ. "ಆ ಅಂತ ಹೆಣ್ಣಿನ ಹಾಗೆ ಮುಗಿದರೂ ಗಂಡು."

"ಏನದು ಗಂಡು?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಸಮಸ್ಯೆ."

"ಅದನ್ನ ತಿಳ್ಕೊಳ್ಳೋಕೆ ಆಫೀಸಿನವರು ಫೀಸು ಬೇರೆ ಕಟ್ಟಿದ್ದಾರಾ? ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ."

ಅವನು ನಗಲಿಲ್ಲ. ಗಲ್ಲದ ಹತ್ತಿರ ಕುಯ್ದುಕೊಂಡ.

"ಸಾಯಂಕಾಲ ಗುಜರಿಯವನು ಬರ್ತಾನೆ. ಬಾಲ್ಕನಿ ಕುರ್ಚಿ ಕೊಟ್ಬಿಡ್ತೀನಿ," ಅಂದಳು.

"ಯಾಕೆ?"

"ಯಾಕೆ ಅಂದ್ರೆ! ಒಂದು ಕೈ ಹೋಗಿದೆ. ಕಾಲು ನಿಲ್ಲಲ್ಲ. ಸುಮ್ನೆ ಜಾಗ ಹಿಡ್ಕೊಂಡಿದೆ."

"ನಾನು ಕೂರ್ತೀನಲ್ಲ ಅದರಲ್ಲಿ."

"ಅದಕ್ಕೇ ಹೇಳಿದ್ದು."

ಏನರ್ಥ ಎಂದು ಕೇಳುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಪಕ್ಕದ ಮೇಜಿನವನು, ಮಾತಿಗೊಮ್ಮೆ ಉಸ್ಸೆನ್ನುವುದರಿಂದ ಆಫೀಸಿಗೆಲ್ಲ ಉಸ್ಸಪ್ಪ. ಉಸ್ಸಪ್ಪ ನಿನ್ನೆಯೇ ಪಾಸಾಗಿದ್ದ.

"ಉಸ್! ಅರ್ಥ ಹುಡುಕ್ತಾ ಕೂರಬೇಡ," ಅಂದ ಉಸ್ಸಪ್ಪ. "ಎತ್ತು ಈಯಿತು ಅಂತಾರಾ, ಕೊಟ್ಟಿಗೆಗೆ ಕಟ್ಟು ಅನ್ನು. ನಾನು ಪಾಸಾಗಿದ್ದೇ ಹಾಗೆ."

"ಓದೋಕೆ ಎಲ್ಲಿ ಬಿಡುತ್ತೆ? ನಮ್ಮನೇದು ಒಂದಿದೆಯಲ್ಲ, ಬೆಳಗ್ಗೆಯಿಂದ ಗುಜರಿ ಗುಜರಿ ಅಂತ ತಲೆ ತಿನ್ನುತ್ತೆ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಅವನು ಟೈ ಹುಡುಕುತ್ತಿದ್ದ.

ಪರೀಕ್ಷೆಯ ಕೋಣೆಯಲ್ಲಿ ಟೀಚರಮ್ಮ ಚಿತ್ರದ ಕಾರ್ಡುಗಳನ್ನು ಜೋಡಿಸಿಕೊಂಡು ಕೂತಿದ್ದಳು. ಕಂಪನಿ ಗೊತ್ತುಮಾಡಿದ ಸ್ಪ್ಯಾನಿಷ್ ಟೀಚರು. ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವಳು. ಪಕ್ಕದಲ್ಲಿ ಮ್ಯಾನೇಜರು, ಕಣ್ಣು ಮೊಬೈಲಿನ ಮೇಲೆ.

ಬೋಲ್ಟು ಗಂಡು, ನಟ್ಟು ಹೆಣ್ಣು. ಇಲ್ಲಿ ಮಾತ್ರ ಆ ಭಾಷೆಗೆ ಬುದ್ಧಿ ಇತ್ತು. ಸೂಜಿ, ದಾರ, ಕತ್ತರಿ, ಎಲ್ಲ ಸರಿ ಬಂತು. ಅವನಿಗೆ ಧೈರ್ಯ ಬಂತು. ಟೀಚರಮ್ಮ ಕುರ್ಚಿಯ ಚಿತ್ರ ತೋರಿಸಿದಳು.

"ಲಾ ಸಿಯ್ಯಾ."

ಕೈಯಿರುವ ಕುರ್ಚಿ ತೋರಿಸಿದಳು.

"ಎಲ್ ಸಿಯ್ಯೋನ್."

"ಸರಿ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಮೇಡಂ, ಒಂದು ಕೈ ಹೋಗಿದ್ರೆ?"

"ಏನು?"

"ಕೈ ಇಲ್ಲದ ಕುರ್ಚಿ ಹೆಣ್ಣು. ಎರಡು ಕೈ ಇದ್ರೆ ಗಂಡು. ಒಂದು ಕೈ ಮುರಿದು ಹೋಗಿ ಒಂದೇ ಉಳಿದಿದ್ರೆ?"

ಮ್ಯಾನೇಜರು ಮೊಬೈಲಿನಿಂದ ತಲೆಯೆತ್ತಿದರು. ಟೀಚರಮ್ಮ ಕಣ್ಣು ಮುಚ್ಚಿ ತೆರೆದಳು.

"ಲಿಂಗ ಇರೋದು ಪದಕ್ಕೆ. ಕುರ್ಚಿಗಲ್ಲ. ಎಷ್ಟು ಸಲ ಹೇಳಿದೀನಿ?"

"ಹಾಗಾದ್ರೆ ಕುರ್ಚಿ ಏನು?"

"ಕುರ್ಚಿ ಕುರ್ಚಿ. ಮುಂದಕ್ಕೆ ಹೋಗೋಣ. ನಿಮ್ಮ ಮನೇಲಿ ಯಾರಿದ್ದಾರೆ? ಸ್ಪ್ಯಾನಿಷ್‌ನಲ್ಲಿ ಹೇಳಿ."

ಇದನ್ನು ಅವನು ಉರು ಹೊಡೆದಿದ್ದ. "ಮಿ ಎಸ್ಪೋಸಾ," ಅಂದ. ನನ್ನ ಹೆಂಡತಿ. ಮುಂದಿನದು 'ಅವಳು ಮನೆಯಲ್ಲಿದ್ದಾಳೆ'. ಎಯ್ಯಾ ಅನ್ನಬೇಕು. ಎಯ್ಯಾ ಎಂಬುದು ಗಂಟಲಿನ ತನಕ ಬಂದು ಅಲ್ಲೇ ಕೂತಿತು. ಅದರ ಬದಲು ಯಾವಾಗಲೋ ಕಲಿತ ಇನ್ನೊಂದು ಪದ ಸಲೀಸಾಗಿ ಹೊರಗೆ ಬಂತು.

"ಏಸೋ... ಏಸೋ ಎಸ್ತಾ ಎನ್ ಕಾಸಾ."

ಟೀಚರಮ್ಮ ಪೆನ್ನು ಕೆಳಗಿಟ್ಟಳು. "ಏಸೋ ಅಂದ್ರಾ? ಹೆಂಡತೀನಾ?"

"ಏನಾಯ್ತು?" ಮ್ಯಾನೇಜರು ಕೇಳಿದರು.

"'ಅದು ಮನೇಲಿದೆ' ಅಂದ್ರು ಸಾರ್."

"ಅಲ್ಲ, ನಮ್ಮಲ್ಲಿ ಹಾಗೆ..." ಅವನು ತಡವರಿಸಿದ.

"ನಮ್ಮಲ್ಲಿ ಹೇಗೆ?" ಅಂದಳು ಟೀಚರಮ್ಮ. ಅವನು ಟೈ ಸಡಿಲಿಸಿಕೊಂಡ. "ನೋಡಿ, ಕುರ್ಚಿಗೂ ಅಲ್ಲಿ ಏಸೋ ಅನ್ನಲ್ಲ. ಕತ್ತಲಲ್ಲಿ ಏನೋ ಕಾಲಿಗೆ ತಗುಲಿತು, ಏನಂತ ಗೊತ್ತಿಲ್ಲ, ಆಗ ಏಸೋ. ಗುರುತು ಸಿಕ್ಕಿದ ಕೂಡಲೇ ಗಂಡೋ ಹೆಣ್ಣೋ ಆಗ್ಲೇಬೇಕು."

"ಆಯ್ತು, ತಿಳಿಸ್ತೀವಿ," ಅಂದರು ಮ್ಯಾನೇಜರು.

"ಪಾಸಾ ಸಾರ್?"

"ತಿಳಿಸ್ತೀವಿ ಅಂದ್ನಲ್ಲ. ಗೋದಾಮು ಈಗ ಮೊದಲಿನ ಹಾಗಿಲ್ಲ. ಫ್ಯಾನ್ ಹಾಕ್ಸಿದೀವಿ."

ಬಸ್ಸಿನಲ್ಲಿ ಅವನ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ದಾರ ಪೋಣಿಸುವುದು ಹೇಗೆ ಎಂದು ದೇಶಕ್ಕೆಲ್ಲ ತಿಳಿಸಿ ಹೇಳಿದವನಿಗೆ ಕೊನೆಗೆ ಒಂದು ಫ್ಯಾನು! ಗಂಡೋ ಹೆಣ್ಣೋ ಆಗಲೇಬೇಕಂತೆ. ಮನುಷ್ಯ ಅನ್ನುವುದಕ್ಕೆ ಅವರ ಪದ ಪೆರ್ಸೋನಾ, ಅದೂ ಹೆಣ್ಣು. ಮೀಸೆ ಬಿಟ್ಟ ಪೈಲ್ವಾನನಾದರೂ ಹೆಣ್ಣು. ಹಾಳಾಗಿ ಹೋಗಲಿ. ಟೈ ಕಿತ್ತು ಜೇಬಿಗೆ ತುರುಕಿದ.

ಮನೆಯ ಬಾಗಿಲನ್ನು ತನ್ನ ಕೀಲಿಯಿಂದಲೇ ತೆರೆದ. ಹೆಂಡತಿ ಕೋಣೆಯಲ್ಲಿ ತನ್ನ ಅಕ್ಕನ ಜೊತೆ ಫೋನಿನಲ್ಲಿದ್ದಳು. ತಿರುಗಿ ನೋಡಿದಳು, ಮಾತು ನಿಲ್ಲಿಸಲಿಲ್ಲ. ಅವನು ನೆಟ್ಟಗೆ ಬಾಲ್ಕನಿಗೆ ಹೋಗಿ ಕುರ್ಚಿಯಲ್ಲಿ ಕೂತ. ಕುರ್ಚಿ ಎಡಕ್ಕೆ ವಾಲಿತು. ಬಲಕ್ಕೆ ಮಾತ್ರ ಕೈ ಇತ್ತು, ಅದನ್ನು ಹಿಡಿದುಕೊಂಡ.

"ಹೂಂ ಅಕ್ಕಾ, ಈಗ ಬಂತು," ಅನ್ನುತ್ತಿದ್ದಳು ಒಳಗೆ. "ಹೇಗಿರುತ್ತೆ? ಹಾಗೇ ಇದೆ. ಬಾಲ್ಕನೀಲಿದೆ... ಇಲ್ಲಪ್ಪ, ರಿಪೇರಿ ಆಗೋದಲ್ಲ. ಇಷ್ಟು ವರ್ಷ ನೋಡಿದ್ದಾಯ್ತಲ್ಲ."

ಕುರ್ಚಿ. ಕುರ್ಚಿಯ ವಿಷಯವೇ. ಕುರ್ಚಿ ತಾನೇ ಬಾಲ್ಕನಿಯಲ್ಲಿರುವುದು, ಕುರ್ಚಿ ತಾನೇ ರಿಪೇರಿ ಆಗದ್ದು. ಆದರೆ ಕುರ್ಚಿ ಈಗ ಬರಲಿಲ್ಲ. ಬೆಳಗ್ಗೆಯಿಂದ ಇಲ್ಲೇ ಇತ್ತು. ಮತ್ತೆ ಬಂದದ್ದು ಯಾವುದು? ಕರೆಂಟು ಇರಬಹುದು. ತಲೆಯೆತ್ತಿ ನೋಡಿದ, ಒಳಗೆ ಫ್ಯಾನು ತಿರುಗುತ್ತಿತ್ತು. ನಲ್ಲಿಯಲ್ಲಿ ನೀರು ಬಂದಿರಬಹುದು. ಹಾಳು ಭಾಷೆ, ಎಲ್ಲವೂ ಬರುತ್ತದೆ ಇದರಲ್ಲಿ!

ಅವಳು ಫೋನಿಟ್ಟು ಬಾಗಿಲ ಹತ್ತಿರ ಬಂದಳು.

"ಯಾರ ವಿಷಯ ಮಾತಾಡ್ತಿದ್ದೆ?"

"ಯಾರ ವಿಷಯಾನೂ ಇಲ್ಲ. ಕುರ್ಚಿ ವಿಷಯ."

"ಬಂತು ಅಂದೆ."

"ಅಂದ್ನಾ?" ಒಣಗಿದ ಟವಲು ತೆಗೆದು ಮಡಚಿದಳು. "ಪರೀಕ್ಷೆ ಏನಾಯ್ತು?"

"ತಿಳಿಸ್ತಾರಂತೆ."

"ಹೂಂ," ಅಂದಳು. ಅಷ್ಟೇ. ಬೈದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು.

ಬೆಲ್ ಹೊಡೆದುಕೊಂಡಿತು. ಅವಳು ಹೋಗಿ ಬಾಗಿಲು ತೆರೆದಳು.

"ಎಲ್ಲಮ್ಮಾ ಅದು?" ಗುಜರಿಯವನ ಗಂಟಲು.

"ಬಾಲ್ಕನೀಲಿದೆ ನೋಡಿ. ತಗೊಂಡ್ಹೋಗಿ," ಅಂದು ಅವಳು ಅಡುಗೆಮನೆಗೆ ಹೋದಳು.

ಗುಜರಿಯವನು ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಂದು ನಿಂತ. ಕೂತವನು ಎದ್ದುಬಿಡಬೇಕಾಗಿತ್ತು. ಏಳುವುದೇನು ಮಹಾ ಕೆಲಸ! ಆದರೆ ಅವನು ಒಂದು ಮಾತಿಗಾಗಿ ಕಾದ. ಏಳಿ ಅನ್ನಬಹುದು. ಏಳಪ್ಪ ಅಂದರೂ ಸಾಕು, ಏಳೋ ಅಂದರೂ ಸಾಕು, ಎದ್ದುಬಿಡುತ್ತಿದ್ದ. ಗುಜರಿಯವನು ಬಗ್ಗಿ ಕುರ್ಚಿಯ ಕಾಲನ್ನು ತಟ್ಟಿ ನೋಡಿದ. ಉಳಿದಿದ್ದ ಒಂದು ಕೈಯನ್ನು, ಅವನ ಕೈಯ ಪಕ್ಕದಲ್ಲೇ, ಹಿಡಿದು ಅಲ್ಲಾಡಿಸಿದ. ಕುರ್ಚಿಯ ಜೊತೆ ಅವನೂ ಅಲ್ಲಾಡಿದ.

"ಅಮ್ಮಾ," ಗುಜರಿಯವನು ಒಳಗೆ ಕೂಗಿ ಹೇಳಿದ. "ಇದು ಭಾರ ಇದೆ. ಒಬ್ಬನ ಕೈಲಿ ಎತ್ತೋಕಾಗಲ್ಲ."

ನಲ್ಲಿಯ ಸದ್ದು ನಿಂತಿತು.

"ಎಳೀರಿ," ಅಂದಳು ಹೆಂಡತಿ ಒಳಗಿನಿಂದಲೇ. "ಎಳೆದ್ರೆ ಬರುತ್ತೆ."

ಗುಜರಿಯವನು ಹೆಗಲ ಮೇಲಿನ ಹಗ್ಗ ಬಿಚ್ಚಿ ಕುರ್ಚಿಯ ಬೆನ್ನಿಗೆ ಸುತ್ತತೊಡಗಿದ. ಕುರ್ಚಿಯಲ್ಲಿ ಕೂತವನು ನೆಲಕ್ಕೆ ತಾಗದ ಹಾಗೆ ತನ್ನ ಎರಡೂ ಕಾಲುಗಳನ್ನು ಮೇಲಕ್ಕೆತ್ತಿಕೊಂಡ.