ಅಪ್ಪೆ, ಅಮ್ಮೆ

ಮತ್ತೆ ಆ ವಿಸಿಲ್, ಬಸ್ಸಿನ ಹಿಂಬಾಗಿಲಿನಲ್ಲಿ ನಿಂತು ಭೋಜ ಊದಿದ್ದೇ ತಡ ಮಡಿಲಲ್ಲಿದ್ದ ಶಂಭುವಿನ ಕತ್ತು ಸರಕ್ಕನೆ ಆ ಕಡೆ ತಿರುಗಿತು, ಸರಸಳ ಚಪ್ಪಾಳೆಗೆ, ಬಳೆಯ ಸದ್ದಿಗೆ ಎಂದೂ ಹಾಗೆ ತಿರುಗದ ಕತ್ತು — ಕಟ್ಟಿಕೊಂಡ ಗಂಡನ ಮೇಲೆ ಹೊಟ್ಟೆಕಿಚ್ಚು ಪಡುವವಳು ಲೋಕದಲ್ಲಿ ಉಂಟೇ, ಅವಳು ಪಡುತ್ತಿದ್ದಾಳೆ, ಬಂಟ್ವಾಳದ ಡಾಕ್ಟರ ಕೋಣೆಯಿಂದ ಹೊರಬಿದ್ದಾಗಿನಿಂದ ಒಂದೇ ಸಮನೆ ಪಡುತ್ತಿದ್ದಾಳೆ. ಡಾಕ್ಟರು ಘಟ್ಟದ ಮೇಲಿನವರು, ತುಳು ಬಾರದು, ಶಂಭು ಕಿಟಕಿಯತ್ತ ನೋಡಿ ಅಮ್ಮೆ ಎಂದದ್ದಕ್ಕೆ ಅವರ ಮುಖ ಅರಳಿತು, ನೋಡಮ್ಮ, ಅಮ್ಮ ಅಂತಾನೆ, ಹೋದ ಮಾತು ಬರ್ತಾ ಇದೆ, ನಿನ್ನನ್ನೇ ಕರೀತಿದಾನೆ. ಅವಳು ಹೂಂ ಎಂದಳು. ತುಳುವಿನಲ್ಲಿ ಅಮ್ಮೆ ಎಂದರೆ ತಂದೆ, ತಾಯಿ ಅಪ್ಪೆ, ಅವರಿಗೆ ಹೇಳುವವರು ಯಾರು, ಹೇಳುವುದಾದರೂ ಯಾಕೆ, ಕಿಟಕಿಯಾಚೆ ಭೋಜನ ಖಾಕಿ ಅಂಗಿ ಬೀಡಿ ಸೇದುತ್ತ ನಿಂತಿತ್ತು.

ಜ್ವರ ಬರುವ ಮೊದಲು ಅಪ್ಪೆ ಎನ್ನುತ್ತಿದ್ದ ಮಗುವೇ ಅಲ್ಲವೇ ಇದು, ಬೆಳ್ತಂಗಡಿಯ ಮನೆಯ ಅಂಗಳದಲ್ಲಿ ಕೋಳಿಯ ಹಿಂದೆ ಓಡುವಾಗ ಅಪ್ಪೆ, ಬಿದ್ದರೆ ಅಪ್ಪೆ, ಆಮೇಲೆ ಆ ಸೆಳವು, ಮಧ್ಯಾಹ್ನದ ಗಂಜಿಯ ಹೊತ್ತಿಗೆ ಹಿಡಿದದ್ದು ದನ ಹಟ್ಟಿಗೆ ಬಂದರೂ ಬಿಡದು, ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಜಗ್ಗುತ್ತ ಜಗ್ಗುತ್ತ, ಭೋಜ ಮೂಡಬಿದಿರೆಯ ಟ್ರಿಪ್ಪಿನಲ್ಲಿ, ಎಲ್ಲ ಮುಗಿದ ಮೇಲೆ ಬಂದ. ಸೆಳವು ಬಿಟ್ಟಾಗ, ಓಡುತ್ತಿದ್ದ ಮಗು ಮತ್ತೆ ಹಸುಗೂಸು, ಕತ್ತು ನಿಲ್ಲದು, ಮಾತಿಲ್ಲ, ಹೊಯ್ಗೆ ಮರಳಿನಲ್ಲಿ ಗುಂಡಿ ತೋಡಿ ಸೊಂಟದವರೆಗೆ ಇಳಿಸಿ ನಿಲ್ಲಲು ಕಲಿಸಿದವಳು ಯಾರು, ಅವಳು, ನಾಲಗೆಗೆ ಜೇನು ಸವರಿ ಹೇಳು ಮಗಾ ಅಪ್ಪೆ, ಅಪ್ಪೆ ಎಂದು ಬೇಡಿದವಳು ಯಾರು, ಅವಳು, ಇವನೋ ವಾರಕ್ಕೊಮ್ಮೆ ಬರುತ್ತಾನೆ, ವಿಸಿಲ್ ಊದಿ ನಗಿಸುತ್ತಾನೆ, ಹೋಗುತ್ತಾನೆ, ತಿರುಗಿ ಬಂದ ಮೊದಲ ಮಾತು ಅವನಿಗೆ. ಪಕ್ಕದ ಸೀಟಿನ ಆಸ್ಯಮ್ಮ ಮೊಟ್ಟೆಯ ಬುಟ್ಟಿಯ ಮೇಲಿಂದ ಬಗ್ಗಿದಳು, ಕಂಡಕ್ಟರರ ಮಗನಾ ಮಾರಾಯ್ತಿ, ಮೂಗು ಅವರದ್ದೇ ಉಂಟು, ನಿನ್ನದು ಎಂತ ಇಲ್ಲ ಇವನಲ್ಲಿ. ನನ್ನದು ಕೆಟ್ಟ ನಿದ್ದೆ ಉಂಟು ಎಂದಳು ಸರಸ, ಆಸ್ಯಮ್ಮ ಬುಟ್ಟಿ ಅಲುಗುವಷ್ಟು ನಕ್ಕಳು, ಸರಸ ನಗಲಿಲ್ಲ.

ಭೋಜ ಸೀಟು ಹಿಡಿಯುತ್ತ ಹಿಡಿಯುತ್ತ ಬರುತ್ತಿದ್ದಾನೆ, ಬಂದೇಬಿಟ್ಟ, ಡಾಕ್ಟ್ರು ಎಂತ ಹೇಳಿದ್ರು, ಎಂತ ಇಲ್ಲ, ಅದೇ ಮದ್ದು ಕೊಡ್ಲಿಕ್ಕೆ. ಮಾತು ಬರ್ತದಂತಾ, ಅವನ ದನಿ ಸಣ್ಣದಾಗುತ್ತದೆ, ನೋಡುವ ಅಂದ್ರು ಎಂದಳು. ಸುಳ್ಳು ಎಷ್ಟು ಸಲೀಸು. ಶಂಭು ಅವನ ಮುಖ ನೋಡಿ ಬಾಯಿ ತೆರೆದ, ಅ, ಅಪ್ಪೆಗೂ ಅದೇ ಅ, ಅಮ್ಮೆಗೂ ಅದೇ, ಆಮೇಲೆ ಎರಡಕ್ಕೂ ತುಟಿ ಕೂಡಬೇಕು, ಕೂಡಿತು, ಇನ್ನು ಬಿಡಿಸಿದರೆ ಯಾರದ್ದೆಂದು ಬಸ್ಸಿಗೆಲ್ಲ ಗೊತ್ತು, ಅವಳ ಅಂಗೈ ತಾನಾಗಿ ಎದ್ದು ಆ ಬಾಯಿಯ ಮೇಲೆ ಕೂತಿತು, ಜೊಲ್ಲು ಒರೆಸುವವಳ ಹಾಗೆ, ಅಂಗೈಯೊಳಗೆ ಬೆಚ್ಚಗೆ ಎರಡು ತುಟಿ, ಕೂಡಿದ ತುಟಿ, ಅಪ್ಪೆಗೆ ಕೂಡಿದ ತುಟಿಯಲ್ಲಿ ಸದ್ದಿರುವುದಿಲ್ಲ, ಇದು ಮ್ಮ್ ಎಂದು ಗುಂಯ್ಗುಡುತ್ತಿದೆ, ಒತ್ತಿದಷ್ಟೂ ಗುಂಯ್ಗುಡುತ್ತಿದೆ, ಕೂಡಿದ ತುಟಿ, ಅಂಗೈಯೊಳಗೆ, ಕೂಡಿದ ತುಟಿ —